ಗುಂಡಿನಕಟ್ಟೆ ಕೆರೆಯ ಎರಡು ಸೀಸೆ ನೀರು

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಇನ್ನೂ ಹಸಿಯಾಗಿದ್ದ ಕಾಲ. ಬೆಳಗಿನ ಬಿಸಿಲು ಬೇವಿನ ಮರದ ತುದಿ ಬಿಟ್ಟು ಕೆಳಗಿಳಿದಿರಲಿಲ್ಲ. ದಫೇದಾರ್ ಬುಡನ್ ಸಾಬ್ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹಳೆಯ ಕೊಡೆಗೆ ಕಡ್ಡಿ ಕಟ್ಟುತ್ತಿದ್ದ. ನಾನು ಬಟ್ಟೆ ಎಳೆದು ಹಿಡಿದಿದ್ದೆ. ಪೊಲೀಸ್ ನೌಕರಿ ಮುಗಿಸಿ ಊರಿಗೆ ಬಂದಮೇಲೆ ಮಳೆಗಾಲಕ್ಕೆ ಊರಿನ ಕೊಡೆಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಾನೆ. ಕುರಿ ಕಳುವಾದರೂ ಜನ ಕೊಟ್ಟೂರು ಠಾಣೆಗೆ ಹೋಗುವ ಮೊದಲು ಅವನ ಕಟ್ಟೆಗೇ ಬರುತ್ತಾರೆ. ಅವನು ಎಲ್ಲಿಗೆ ಹೊರಟರೂ ಜೊತೆಗೆ ಹೋಗುವವನು ನಾನು, ಬೊಮ್ಮಪ್ಪ. ಸಣ್ಣವರಿದ್ದಾಗ ಒಟ್ಟಿಗೆ ಈಜು ಕಲಿತವರು ನಾವಿಬ್ಬರೂ.

"ದಫೇದಾರ್ರೇ, ನನ್ನ ಉಳಿಸ್ರಿ," ಎನ್ನುತ್ತ ಹುಲುಗೇಶ ಬಂದು ಕಟ್ಟೆಯ ಕೆಳಗೇ ಕುಕ್ಕರಿಸಿದ. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ಎರಡು ಮಕ್ಕಳ ತಂದೆ. ಯಾರ ಜೊತೆಗೂ ಜೋರಾಗಿ ಮಾತಾಡಿದವನಲ್ಲ.

"ಮ್ಯಾಲ ಕೂತ್ಕ. ಏನಾತು ಹೇಳು," ಎಂದ ಬುಡನ್.

"ಪರೀಕ್ಷೆಗೆ ಕೊಟ್ಟ ಕೆರಿ ನೀರು ನಾನೇ ಬದಲಿ ಮಾಡೀನಿ ಅಂತಾರ್ರಿ. ಸೋಮವಾರ ಮೀಟಿಂಗ್ ಐತಿ. ಕೆಲಸದಿಂದ ತಗಿತಾರ. ರಾತ್ರಿ ಮನಿ ಮುಂದ ನಿಂತು, ಊರ ಕೆರಿ ಮಾರ್ಕೊಂಡ ಅಂತ ಕೂಗ್ಯಾರ. ಮಕ್ಕಳೂ ಕೇಳಿಸ್ಕೊಂಡ್ವು."

ಬುಡನ್ ಕೊಡೆ ಮಡಚಿ ಪಕ್ಕಕ್ಕಿಟ್ಟ.

ವಿಷಯ ಇಷ್ಟು. ಕೆರೆ ಹಳ್ಳಗಳ ನೀರು ಸುಧಾರಿಸಲು ಸರ್ಕಾರ ಹೊಸ ಕಾಯ್ದೆ ಮಾಡಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಒಟ್ಟಾಗಿ ಹಣ ಇಟ್ಟಿತ್ತು. ಹಳ್ಳ ಬಂದು ಕೆರೆ ಸೇರುವ ಬಾಯಲ್ಲಿ ನೀರು ತೆಗೆದು ಪರೀಕ್ಷೆ ಮಾಡಬೇಕು. ಯಾವ ನೀರಲ್ಲಿ ಹೂಳು, ಕೆಸರು ಹೆಚ್ಚೋ ಆ ಕೆರೆಗೆ ಮೊದಲು ಹಣ. ನಮ್ಮ ಗುಂಡಿನಕಟ್ಟೆ ಕೆರೆ ನೋಡಿದವರಿಗೆ ಪರೀಕ್ಷೆಯೇ ಬೇಡ. ನಾನೂ ಬುಡನ್ನೂ ಎಮ್ಮೆಯ ಬಾಲ ಹಿಡಿದು ದಾಟುತ್ತಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಆಗ ತಾವರೆ ಎಲೆಯ ಮೇಲೆ ಬುತ್ತಿ ಬಿಚ್ಚಿ, ಅದೇ ನೀರು ಬೊಗಸೆಯಲ್ಲಿ ಎತ್ತಿ ಕುಡಿದವರು ನಾವು. ಈಗ ಮಳೆ ಬಂದರೆ ಕೆರೆ ಅಂಗಳವೆಲ್ಲ ಕೆಂಪು ರಾಡಿ.

ಆದರೆ ಬಂದ ಫಲಿತಾಂಶ ಬೇರೆ. ನೀರು ತಿಳಿಯಾಗಿದೆ, ಕೆಸರೇ ಇಲ್ಲ. ಕೆರೆಯ ಹೆಸರು ಪಟ್ಟಿಯಿಂದ ತೆಗೆದು, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಕೆರೆಯೊಂದಕ್ಕೆ ಹಣ ಹೋಗುವುದು ಎಂದು ಸುದ್ದಿ ಬಂದಿತ್ತು.

"ಅವತ್ತು ಏನೇನಾತು, ಒಂದೂ ಬಿಡದಂಗ ಹೇಳು," ಎಂದ ಬುಡನ್.

ಹುಲುಗೇಶ ಹೇಳಿದ. ಇಂಜಿನಿಯರ್ ರೇಖಾ ಮೇಡಂ ಬಂದಿದ್ದರು. ಇವನೇ ತೆಪ್ಪ ನಡೆಸಿ ಹಳ್ಳದ ಬಾಯಿಗೆ ಕರೆದೊಯ್ದ. ನೀರು ತೆಗೆದದ್ದು ಮೇಡಮ್ಮೇ. ದಡಕ್ಕೆ ಬರುವಾಗ ಅವರ ಪ್ಲಾಸ್ಟಿಕ್ ಕ್ಯಾನು ಕಲ್ಲಿಗೆ ಬಡಿದು ಸೀಳಿತು. ಏರಿಯ ಬುಡದಲ್ಲೇ ಗಾದೆಮ್ಮನ ಮನೆ. ಆಕೆ ಮಣ್ಣಿನ ಕೊಡ ಕೊಟ್ಟಳು, ಅದರಲ್ಲಿ ಮತ್ತೆ ನೀರು ತಂದರು. ಸೀಸೆಗಳು ಇನ್ನೊಂದು ಗಾಡಿಯಲ್ಲಿ ಬರಬೇಕಿತ್ತು. ಅದು ತಡವಾಯಿತು. ಕೊಡ ಮುಚ್ಚಿ ಗಾದೆಮ್ಮನ ಪಡಸಾಲೆಯಲ್ಲಿಟ್ಟು ಎಲ್ಲರೂ ಅಲ್ಲೇ ರೊಟ್ಟಿ ಉಂಡರು. ಊಟವಾದ ಬಹಳ ಹೊತ್ತಿಗೆ ಗಾಡಿ ಬಂತು. ಮೇಡಂ ಚೀಟಿ ಅಂಟಿಸುತ್ತಿದ್ದರು, ಹುಲುಗೇಶ ಕಂದು ಬಣ್ಣದ ಎರಡು ಸೀಸೆಗೆ ನೀರು ತುಂಬಿದ. ಒಂದು ಪರೀಕ್ಷೆಗೆ ಹೋಯಿತು. ಜೋಡಿ ಸೀಸೆ ಮೊಹರಿನೊಂದಿಗೆ ಪಂಚಾಯಿತಿಯಲ್ಲಿದೆ.

"ಕೊಡ ಹೆಂಗ ಬಗ್ಗಿಸಿದಿ?"

"ಹೆಂಗ ಅಂದ್ರ... ಅಲುಗದಂಗ ಮೆಲ್ಲಕ. ಎಲ್ಲಾರೂ ಬಗ್ಗಿಸೋದು ಹಂಗ ಅಲ್ರಿ. ನೀರು ತಿಳಿ ಕಂಡಂಗಾತು. ರಾಡಿ ತಳಕ್ಕ ಕುಂತಿರ್ತೈತಿ ಅಂದ್ಕೊಂಡೆ."

"ಉಣ್ಣುವಾಗ ಮತ್ತ್ಯಾರು ಬಂದಿದ್ರು?"

"ಕೊಟ್ರಬಸಪ್ಪನೋರು. ಮೇಡಮ್ಮಗ ಕುಡಿಯಾಕ ಫಿಲ್ಟರ್ ನೀರಿನ ಕ್ಯಾನು ತಂದಿದ್ರು."

ಒಳಗಿನಿಂದ ಬುಡನ್ ಹೆಂಡತಿ ಖಾಜಾಬೀ, "ಸಿಕ್ಕನಲ್ಲ ಕಳ್ಳ! ಇನ್ನೇನು ಪತ್ತಿ ಮಾಡ್ತೀರಿ, ಆ ಕೊಡಿ ಮುಗಿಸ್ರಿ," ಎಂದಳು.

ನನಗೂ ಹಾಗೇ ಅನ್ನಿಸಿತ್ತು. ಕೊಟ್ರಬಸಪ್ಪ ಕೆರೆ ಅಂಗಳದಲ್ಲಿ ಮೆಕ್ಕೆಜೋಳ ಬಿತ್ತುವವನು. ಊರ ಮುಂದೆ ಫಿಲ್ಟರ್ ನೀರಿನ ಅಂಗಡಿಯೂ ಅವನದೇ. ಕೆರೆ ಹೂಳು ತೆಗೆದರೆ ಹೊಲ ಹೋಗುತ್ತದೆ ಎಂದು ಬಾಯಿಬಿಟ್ಟೇ ಬೈದವನು.

ಮೊದಲು ಗಾದೆಮ್ಮನ ಮನೆಗೆ ಹೋದೆವು. ನನಗಿಂತ ಹಿರಿಯಳು. ಬೆನ್ನು ಬಾಗಿದ್ದರೂ ದನಿ ಬಾಗಿಲ್ಲ.

"ಬರ್ರಿ ಬರ್ರಿ. ಆ ನೀರು ಬದಲಿಸಿದವನ ಬಾಯಾಗ ಮಣ್ಣು ಬೀಳ! ನಮ್ಮ ಕೆರಿ ಹೊಟ್ಟಿಮ್ಯಾಲ ಹೊಡದಾನ. ಯಾರು ಅಂತ ಗೊತ್ತಾಗ್ಲಿ, ಅವರ ಮನಿ ಮುಂದ ಕುಂತು ಬೈತೀನಿ!"

"ಬೈಯೋದು ಇರ್ಲಿ ಗಾದೆಕ್ಕ. ಕೊಟ್ರಬಸಪ್ಪ ಕೊಡದ ಹತ್ರ ಹೋಗಿದ್ನಾ?"

"ಅವನ್ನ ಒಳಗ ಯಾರು ಬಿಟ್ಕೊಂಡ್ರು? ಬಾಗಿಲಾಗ ಕ್ಯಾನು ಇಟ್ಟು ಹೋದ. ಕೊಡದ ಪಕ್ಕದಾಗ ಕುಂತು ಬಡಿಸಿದಾಕಿ ನಾನು."

"ಉಳಿದ ನೀರು ಏನು ಮಾಡಿದಿ?"

"ಮಲ್ಲಿಗಿ ಬುಡಕ್ಕ ಹಾಕಿದೆ. ಚೆಲ್ತಾರೇನು?"

ಬುಡನ್ ಸೂರಿನ ಕೆಳಗಿದ್ದ ಮಲ್ಲಿಗೆ ಬಳ್ಳಿಯ ಮುಂದೆ ಕೂತ. ಅಲ್ಲಿಯ ನೆಲ ಎರೆ, ಕಪ್ಪು. ಬಳ್ಳಿಯ ಬುಡದಲ್ಲಿ ಮಾತ್ರ ನುಣ್ಣನೆಯ ಕೆಂಪು ಮಣ್ಣು ರೊಟ್ಟಿಯಂತೆ ದಪ್ಪಗೆ ಒಣಗಿ ಬಿರುಕು ಬಿಟ್ಟಿತ್ತು. ಅದರಲ್ಲಿ ಬಸವನಹುಳುವಿನ ಚಿಪ್ಪಿನ ಚೂರು. ಬುಡನ್ ಒಂದು ಒಣ ಚಕ್ಕೆ ಎತ್ತಿ ಮೂಸಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ಗೋಡೆಗೆ ಬೋರಲು ಹಾಕಿದ್ದ ಕೊಡ ತಿರುಗಿಸಿ ಒಳಗೆ ಬೆರಳಾಡಿಸಿದ. ಒಳಮೈಗೆ ಬಿಳಿಯ ಗೆರೆಗಳು ಒಣಗಿ ಹತ್ತಿದ್ದವು. ಪೂಜೆಗೆ ಗಂಧ ತೇಯ್ದ ಕೈ ತಾಕಿರಬೇಕು ಎಂದುಕೊಂಡೆ ನಾನು.

"ಈ ಕೊಡ ಸೋಮವಾರಕ್ಕ ಬೇಕು. ಯಾವಾಗ್ಲೂ ನೀರು ತರೋ ಮುಂಚೆ ಹೆಂಗ ಕೊಡ್ತಿಯೋ ಹಂಗ ಕೊಡು," ಎಂದ ಬುಡನ್.

"ಅವತ್ತೇ ತಗಂಡ್ಹೋಗು. ಕೊಡಕ್ಕ ಬಾಡಿಗಿ ಕೇಳಂಗಿಲ್ಲ."

ಅಲ್ಲಿಂದ ಪಂಚಾಯಿತಿಗೆ. ಅಧ್ಯಕ್ಷೆ ದುರ್ಗಾದೇವಿಯೂ, ವಿಚಾರಣೆಗೆ ಬಂದಿದ್ದ ರೇಖಾ ಮೇಡಮ್ಮೂ ಇದ್ದರು. ಜೋಡಿ ಸೀಸೆ ತೆಗೆಸಿದೆವು. ಮೊಹರು ಹಾಗೇ ಇತ್ತು. ಮೇಡಂ ತಾವೇ ಒಡೆದು ಗಾಜಿನ ಲೋಟಕ್ಕೆ ಸುರಿದರು. ನೀರು ಕನ್ನಡಿಯಂತಿತ್ತು.

"ನೋಡಿದ್ರಾ?" ಎಂದಳು ದುರ್ಗಾದೇವಿ. "ಇದು ಫಿಲ್ಟರ್ ನೀರು ಅಲ್ದ ಮತ್ತೇನು?"

"ಅದೇ ನನಗೆ ತಿಳೀತಿಲ್ಲ," ಎಂದರು ಮೇಡಂ. "ಫಿಲ್ಟರ್ ನೀರಾದರೆ ಉಪ್ಪಿನಂಶ ಹೋಗಿರಬೇಕು. ಬೋರ್ ನೀರಾದರೆ ತುಂಬಾ ಗಡಸಿರಬೇಕು. ಪರೀಕ್ಷೆಗೆ ಹೋದ ಸೀಸೆಯಲ್ಲಿ ಉಪ್ಪು ಚಳಿಗಾಲದಲ್ಲಿ ಇದೇ ಕೆರೆಯಲ್ಲಿ ಕಂಡಷ್ಟೇ ಇದೆ. ಕೆಸರು ಮಾತ್ರ ಇಲ್ಲ."

"ಕೆಸರು ತಾನೇ ಕುಂತಿರ್ಬಹುದಲ್ರಿ?" ಎಂದ ಬುಡನ್.

"ಹೊಸ ಮಳೆ ನೀರಿನ ಕೆಂಪು ಅಷ್ಟು ಬೇಗ ಕೂರಲ್ಲ ಅಜ್ಜ. ದಿನಗಟ್ಟಲೆ ಬೇಕು."

ಬುಡನ್ ಲೋಟ ನನ್ನ ಕಡೆ ಸರಿಸಿದ. "ಲೇ ಬೊಮ್ಮಾ, ಮೂಸು."

ಮೂಸಿದೆ. ಜೊಂಡು ಹುಲ್ಲು, ಹಸಿ ಕಲ್ಲು, ಎಮ್ಮೆಯ ಮೈ. ನನ್ನ ಅವ್ವ ಹೊತ್ತು ತರುತ್ತಿದ್ದ ಕೊಡದ ವಾಸನೆ ಅದು. ಎಷ್ಟು ವರ್ಷವಾಗಿತ್ತೋ!

"ಇದು ನಮ್ಮ ಕೆರಿ ನೀರೇ," ಎಂದೆ.

ಬುಡನ್ ತಲೆಯಾಡಿಸಿ ಎದ್ದ.

ಸೋಮವಾರ ಬೆಳಗ್ಗೆ ಅವನು ಹಳ್ಳದ ಬಾಯಿಂದ ಎರಡು ಕೊಡ ನೀರು ತರಿಸಿ ಪಂಚಾಯಿತಿ ಕಟ್ಟೆಯ ಮೇಲೆ ಇಡಿಸಿದ. ಒಂದು ಗಾದೆಮ್ಮನದು. ಇನ್ನೊಂದು ಖಾಜಾಬೀಯದು. ಎರಡಕ್ಕೂ ತಟ್ಟೆ ಮುಚ್ಚಿ ಪೊಲೀಸ್ ಕಾವಲಿನಂತೆ ಪಕ್ಕದಲ್ಲಿ ಕೂತ. ಊಟದ ಹೊತ್ತು ದಾಟಿದ ಮೇಲೆ ಊರು ನೆರೆಯಿತು. ಹುಲುಗೇಶ ಕಂಬಕ್ಕೆ ಒರಗಿ ನಿಂತಿದ್ದ. ಯಾರೂ ಅವನ ಪಕ್ಕ ನಿಲ್ಲಲಿಲ್ಲ.

"ದಫೇದಾರ್ರು ಈಗ ನೀರು ಮಾರಾಕ ಕುಂತಾರೇನು?" ಎಂದ ಕೊಟ್ರಬಸಪ್ಪ.

"ನಿನ್ನ ವ್ಯಾಪಾರ ನಾ ಯಾಕ ಕೆಡಿಸ್ಲಿ? ಬಾ, ಕುಂದ್ರು. ಮೊದ್ಲು ನಿನ್ನ ಬಿಡುಗಡಿ ಮಾಡ್ತೀನಿ," ಎಂದು ಬುಡನ್ ಶುರು ಮಾಡಿದ.

"ನೋಡ್ರಿ, ಎಲ್ಲಾರೂ ಫಿಲ್ಟರ್ ನೀರು ಅಂದ್ರಿ. ಅದಲ್ಲ ಅಂತ ಮೇಡಮ್ಮೋರು ತಿಳಿಸ್ಯಾರ. ಬೋರಿಂದೂ ಅಲ್ಲ. ವಾಸನಿ ಕೆರಿದೇ ಅಂತ ಬೊಮ್ಮಪ್ಪ ಹೇಳ್ಯಾನ. ಅಂದಮ್ಯಾಲ ನೀರು ಬದಲಿ ಆಗೇ ಇಲ್ಲ. ಹಂಗಾರ ಅದರಾಗಿನ ರಾಡಿ ಎಲ್ಲಿ ಹೋತು?" ಕರವಸ್ತ್ರ ಬಿಚ್ಚಿ ಕೆಂಪು ಚಕ್ಕೆ ತೋರಿಸಿದ. "ಇಲ್ಲಿ ಐತಿ. ಗಾದೆಕ್ಕನ ಮಲ್ಲಿಗಿ ಬುಡದಾಗ ಸಿಕ್ತು. ಅಲ್ಲಿ ನೆಲ ಎರಿ, ಇದು ಕೆಂಪು. ಕೆರಿ ಚಿಪ್ಪು ಐತಿ ಇದರಾಗ. ಕೊಡದಾಗ ಬಂದದ್ದು ಕೆರಿ ನೀರೇ, ರಾಡಿನೇ. ತಳಕ್ಕ ಕುಂತದ್ದು ಬಳ್ಳಿಗೆ ಹೋತು. ಮ್ಯಾಲಿನ ತಿಳಿ, ಹುಲುಗೇಶ ಮೆಲ್ಲಕ ಬಗ್ಗಿಸಿದ್ದಕ್ಕ, ಸೀಸಿಗೆ ಹೋತು."

"ಆದರೆ ಅಷ್ಟು ಬೇಗ ಹೇಗೆ ಕೂತಿತು?" ಎಂದರು ರೇಖಾ ಮೇಡಂ.

ಬುಡನ್ ಖಾಜಾಬೀಯ ಕೊಡದಿಂದ ಒಂದು ಲೋಟ ಬಗ್ಗಿಸಿದ. ಕೆಂಪು ರಾಡಿ. ಗಾದೆಮ್ಮನ ಕೊಡದಿಂದ ಇನ್ನೊಂದು ಲೋಟ. ಲೋಟದ ತಳದ ಹೂವಿನ ಚಿತ್ರ ಕಾಣುವಷ್ಟು ತಿಳಿ. ಜನ ಮುಂದೆ ನುಗ್ಗಿದರು.

"ಒಂದೇ ಕೆರಿ, ಒಂದೇ ಹೊತ್ತು," ಎಂದ ಬುಡನ್. "ಗಾದೆಕ್ಕ, ಕೊಡ ಕೊಡೋ ಮುಂಚೆ ಏನು ಮಾಡಿದಿ?"

"ಏನು ಮಾಡ್ತಾರ? ತೊಳದೆ. ಚಿಲ್ಲದ ಬೀಜ ತೇಯ್ದೆ," ಎಂದಳು ಗಾದೆಮ್ಮ, ಇದೂ ಒಂದು ಕೇಳುವ ಮಾತೇ ಎನ್ನುವಂತೆ. "ತೇಯದ ಕೊಡ ಮಂದಿಗೆ ಕೊಡ್ತಾರೇನು? ಅದೂ ಸರ್ಕಾರದ ಹೆಣ್ಮಗಳು ಮನಿಗೆ ಬಂದಾಳ. ರಾಡಿ ನೀರು ಕೊಟ್ಟು ಕಳಸ್ಲೇನು?"

ಆಗ ನನಗೆ ಆ ಬಿಳಿ ಗೆರೆ ಏನೆಂದು ಹೊಳೆಯಿತು. ನಲ್ಲಿ ಬರುವ ಮುಂಚೆ ಪ್ರತಿ ಮನೆಯ ಗೂಡಿನಲ್ಲಿ ಆ ಬೀಜ ಇರುತ್ತಿತ್ತು. ಕಾಡಿನ ಮರದ ಗುಂಡನೆಯ ಬೀಜ. ಹೊಸ ನೀರು ಬಂದಾಗ ಹೆಂಗಸರು ಕೊಡದ ಒಳಮೈಗೆ ಗರಗರ ತೇಯುತ್ತಿದ್ದರು, ರಾಡಿಯೆಲ್ಲ ಮೊಸರಿನಂತೆ ಕೂಡಿಕೊಂಡು ತಳ ಸೇರುತ್ತಿತ್ತು. ಮಳೆಗಾಲದ ಮುಂಜಾನೆ ಓಣಿ ತುಂಬ ಅದೇ ಸದ್ದು. ಆ ಸದ್ದಿಗೇ ನಾನು ಏಳುತ್ತಿದ್ದೆ. ಅದು ಯಾವಾಗ ನಿಂತಿತೋ, ನಿಂತದ್ದನ್ನು ನಾವ್ಯಾರೂ ಗಮನಿಸಿರಲೇ ಇಲ್ಲ. ಗಾದೆಮ್ಮನ ಮನೆಯಲ್ಲಿ ಮಾತ್ರ ನಿಂತಿರಲಿಲ್ಲ.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗಾದೆಮ್ಮ ಒಬ್ಬೊಬ್ಬರ ಮುಖ ನೋಡಿದಳು. ನಿಧಾನಕ್ಕೆ ಅವಳಿಗೆ ಅರ್ಥವಾಯಿತು.

"ಹಂಗಾರ... ನಾನೇ ಏನು? ನಾನು ಬೈದದ್ದೆಲ್ಲ ನನಗೇ ಏನು?" ಎಂದು ಕಟ್ಟೆಯ ಮೇಲೆ ಕುಸಿದಳು. "ಹುಲುಗಾ, ನಿನ್ನ ಹೆಸರು ಕೆಡಿಸಿದೆನಲ್ಲೋ ನನ್ನಪ್ಪ."

ಹುಲುಗೇಶ ಕಂಬ ಬಿಟ್ಟು ಬಂದು ಅವಳ ಪಕ್ಕ ಕೂತ. "ಅಳಬ್ಯಾಡ ಅಮ್ಮ. ನೀ ಕೊಡ ಕೊಟ್ಟಿ. ಕೂಗಿದವರು ನೀನಲ್ಲ."

ನಗು ಅಲ್ಲಿಗೆ ನಿಂತಿತು. ಕೂಗಿದವರು ಅಲ್ಲೇ ಇದ್ದರು.

ರೇಖಾ ಮೇಡಂ ಎದ್ದು, ಚೀಟಿ ಅಂಟಿಸುತ್ತ ಸೀಸೆ ತುಂಬುವುದನ್ನು ನೋಡದೆ ಹೋದದ್ದು ತಮ್ಮ ತಪ್ಪು, ಮತ್ತೆ ನೀರು ತೆಗೆಯಲು ಕಾಯ್ದೆಯಲ್ಲಿ ಅವಕಾಶವಿದೆ ಎಂದರು. ಎರಡು ದಿನ ಕಳೆದು ಗಟ್ಟಿ ಕ್ಯಾನು ತಂದರು, ದಡದಲ್ಲೇ ಸೀಸೆಗಳನ್ನು ತಾವೇ ತುಂಬಿಕೊಂಡರು. ತೆಪ್ಪ ನಡೆಸಿದವನು ಹುಲುಗೇಶನೇ. ಗಾದೆಮ್ಮ ಏರಿಯ ಮೇಲೆ ನಿಂತು, "ರಾಡಿ ಚಲೋ ಐತೇನವ್ವ?" ಎಂದು ಕೇಳಿದಳು. ಮುಂದೆ ಹೊಸ ಫಲಿತಾಂಶ ಬಂದು ಕೆರೆ ಪಟ್ಟಿಗೆ ಮರಳಿ ಸೇರಿತು.

ನೀರು ತೆಗೆದ ದಿನವೇ ಸಂಜೆ ಹುಲುಗೇಶ ಬುಡನ್ ಕಟ್ಟೆಗೆ ಬಂದ. ಹಡಗಲಿಯಲ್ಲಿ ಭಾವಮೈದನ ಮಲ್ಲಿಗೆ ತೋಟದಲ್ಲಿ ಕೆಲಸವಿದೆ, ಹೋಗುತ್ತೇನೆ ಎಂದ.

"ದುರ್ಗಕ್ಕ ಕೆಲಸ ಬಿಡಬ್ಯಾಡ ಅಂದ್ಲಂತಲ್ಲ?" ಎಂದೆ ನಾನು.

"ಅಂದ್ರು. ಕೈನೂ ಮುಗದ್ರು. ಆದ್ರ ಅಜ್ಜ, ನಾಳೆ ಪೈಪು ಒಡದು ನೀರು ಬರ್ಲಿಲ್ಲ ಅನ್ರಿ. ಮತ್ತ ನನ್ನ ಮನಿ ಮುಂದನ ಬರ್ತಾರ. ಮಕ್ಕಳು ಈಗ ಬಾಗಿಲು ಬಡಿದ್ರ ಒಳಗ ಓಡ್ತಾವ."

ಬುಡನ್ ಅವನಿಗೆ ಕಟ್ಟೆಯ ಮೇಲೆ ಜಾಗ ಮಾಡಿದ. ಕಳ್ಳರನ್ನು ಹಿಡಿದು ಹಿಡಿದು ಮುದುಕನಾದವನು, ಕಳ್ಳನಲ್ಲದವನನ್ನು ಊರಲ್ಲಿ ಉಳಿಸಿಕೊಳ್ಳುವ ದಾರಿ ಅವನಿಗೆ ಗೊತ್ತಿರಲಿಲ್ಲ.

ಗುರುವಾರ ಬೆಳಗಿನ ಹಡಗಲಿ ಬಸ್ಸಿಗೆ ಹುಲುಗೇಶ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದ.