ತಾತನ ಎದೆಗೆ ಕಾವಲು

“ಯಾರೂ ಒಳಗೆ ಬರೋ ಹಾಗಿಲ್ಲ! ಡಾಕ್ಟ್ರು ಹೇಳಿದ್ದಾರೆ!” ಚಿನ್ನಿ ಬಾಗಿಲಿಗೆ ಅಡ್ಡವಾಗಿ ನಿಂತಳು.

“ತಾತನ ಮುಖ ನೋಡ್ಕೊಂಡು ಹೋಗ್ತೀನಿ ಕಣೇ, ಒಂದೇ ನಿಮಿಷ,” ಎಂದರು ಟೈಲರ್ ಮಾಮ.

“ಮುಖ ನಿದ್ದೆ ಮಾಡ್ತಿದೆ.”

ಟೈಲರ್ ಮಾಮ ಪೆಚ್ಚಾಗಿ ಹೊರಟುಹೋದರು.

ಹೋದ ತಿಂಗಳು ಎದೆನೋವು ಬಂದು ತಾತ ಆಸ್ಪತ್ರೆ ಸೇರಿದ್ದರು. “ರೆಸ್ಟ್ ಬೇಕು, ಗಲಾಟೆ ಬೇಡ” ಎಂದಿದ್ದರು ಡಾಕ್ಟರು. ಅಂದಿನಿಂದ ಚಿನ್ನಿಯದೇ ಕಾವಲು. ಸಂತೆಯ ಹಾಗಿದ್ದ ಮನೆ ತಣ್ಣಗಾಯಿತು. ತಾತ ಮಾತ್ರ ಅರ್ಧ ಊಟಕ್ಕೇ ಕೈ ತೊಳೆದು, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಶನಿವಾರ ಅಮ್ಮ ಮತ್ತು ಚಿನ್ನಿ ತಾತನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೊರಟರು. ತಿರುಗಿ ನೋಡಿದರೆ, ಬೀದಿಗೆ ಬೀದಿಯೇ ಬೆನ್ನು ಹತ್ತಿದೆ! ಕತ್ತಿನಲ್ಲಿ ಟೇಪು ನೇತಾಡುವ ಟೈಲರ್ ಮಾಮ, ಹಿಟ್ಟಿನ ಕೈಯ ಮೇಲಿನ ಮನೆ ಅತ್ತೆ, ಕತ್ತಿ ಹಿಡಿದ ಕ್ಷೌರದಂಗಡಿ ಚಿಕ್ಕಪ್ಪ. ಅವರ ಹಿಂದೆ, ಅರ್ಧ ಗಡ್ಡ ಬೋಳಿಸಿ ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡ ಒಬ್ಬರು.

“ನೀವ್ಯಾರು?” ಎಂದಳು ಚಿನ್ನಿ.

“ಇವ್ರ ಗಿರಾಕಿ ಕಣಮ್ಮ. ಕತ್ತಿ ಇವ್ರ ಕೈಲೇ ಇದೆಯಲ್ಲ, ಬರದೆ ಏನ್ಮಾಡ್ಲಿ?”

ಡಾಕ್ಟರು ಗುಂಪನ್ನು ಹೊರಗೆ ನಿಲ್ಲಿಸಿ, ತಾತನ ತೋಳಿಗೆ ಪಟ್ಟಿ ಸುತ್ತಿದರು. ಹುಬ್ಬು ಗಂಟಿಕ್ಕಿದರು. “ಬಿಪಿ ತುಂಬಾ ಜಾಸ್ತಿ ಇದೆ.”

ಅಮ್ಮನ ಮುಖ ಬಿಳಿಚಿಕೊಂಡಿತು. ಚಿನ್ನಿ ತಾತನ ಕೈ ಗಟ್ಟಿಯಾಗಿ ಹಿಡಿದಳು.

ಧಡಾರ್! ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಒಳಗೆ ಬಿದ್ದರು. ನೊರೆ ಹೋಗಿ ಡಾಕ್ಟರ ಕೋಟಿಗೆ ಅಂಟಿತು.

“ತಳ್ಳಿದ್ಯಾರು?” ಅತ್ತೆ ಕೂಗಿದರು.

“ಈ ಗಿರಾಕಿ!” ಎಂದರು ಚಿಕ್ಕಪ್ಪ.

“ಅಯ್ಯೋ, ನಂಗೆ ಈ ತಾತ ಯಾರು ಅಂತಾನೇ ಗೊತ್ತಿಲ್ಲ!”

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, “ಲೋ ಟೈಲರ್, ನಿಮ್ಮನೆ ಬೆಕ್ಕು ಮರಿ ಹಾಕ್ತಾ?” ಎಂದು ಕೇಳಿದರು. ಟೈಲರ್ ಮಾಮ ಪಕ್ಕದಲ್ಲೇ ಕೂತು ಬೆಕ್ಕಿನ ಪುರಾಣ ಬಿಚ್ಚಿದರು.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಮತ್ತೆ ಬಿಪಿ ನೋಡಿದರು. ಇಳಿದಿತ್ತು! ಮೆಷಿನ್ ಕೆಟ್ಟಿದೆಯೇನೋ ಎಂದು ತಮ್ಮ ತೋಳಿಗೇ ಕಟ್ಟಿಕೊಂಡು ನೋಡಿದರು. ಅವರದು ಏರಿತ್ತು.

“ಮಾತ್ರೆ ತಪ್ಪಿಸಬೇಡಿ,” ಎಂದು ನಿಟ್ಟುಸಿರಿಟ್ಟರು. “ಇವರನ್ನೂ.”

ಮನೆಗೆ ಹಿಂದಿರುಗುವಾಗ ತಾತ ಗುಂಪಿನ ನಡುವೆ ನಡೆಯುತ್ತಾ ತಮ್ಮ ಹಳೇ ಆನೆ ಕತೆಯೊಂದನ್ನು ಶುರುಮಾಡಿದರು. ಚಿನ್ನಿ ಅವರ ಒಂದು ಕೈಯನ್ನು ಬಿಗಿಯಾಗಿ ಹಿಡಿದೇ ಇದ್ದಳು. ಆನೆಯ ಹೊಟ್ಟೆ ಎಷ್ಟು ದೊಡ್ಡದಿತ್ತೆಂದು ತೋರಿಸಲು ತಾತ ಒಂದೇ ಕೈಯಲ್ಲಿ ಒದ್ದಾಡುತ್ತಿದ್ದರು.

ಚಿನ್ನಿ ಅವರ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೈ ಬಿಟ್ಟಳು.