ಮಗ್ಗ ನಿಂತಾಗ ಆಡಿದ ಮಾತು

“ಯಾಕ್ರೀ ಹಾಗೆ ಕಿರುಚ್ತೀರಿ? ನಾನೇನು ಕಿವುಡನಾ?”

ಗಿರಣಿಯ ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್‌ನ ತುಟಿ ಓದಿ ಅವಳ ಮುಖ ಕೆಂಪಾಯಿತು. ‘ಕೆಲಸ ಖಾಲಿ ಇದೆಯಾ’ ಅಂತ ಮೆಲ್ಲಗೆ ಕೇಳಿದೆ ಅಂದುಕೊಂಡಿದ್ದಳು, ಪಾಪ!

“ಕಿವಿ ಕೇಳದಿರೋದು ನನಗೆ...” ಎಂದಳು. ಈ ಸಲ ದನಿ ಎಷ್ಟು ಸಣ್ಣದಾಯಿತೆಂದರೆ ಅವನು ಬಗ್ಗಿ ಕೇಳಬೇಕಾಯಿತು.

ಅವನ ಮುಖ ಸಪ್ಪಗಾಯಿತು. “ತಪ್ಪಾಯ್ತು. ಒಳಗೆ ಬನ್ನಿ. ಮಗ್ಗಗಳ ಗದ್ದಲದಲ್ಲಿ ನಾವೂ ತುಟಿ ನೋಡ್ಕೊಂಡೇ ಮಾತಾಡೋದು.”

ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳ ಕಿವಿಯನ್ನೂ ಕಸಿದುಕೊಂಡು ಹೋಗಿತ್ತು. ಅದಕ್ಕಿಂತ ಅವಳನ್ನು ಹಿಂಡಿದ್ದು ಈ ದನಿ. ತನಗೇ ಕೇಳದ ಮೇಲೆ ಅದಕ್ಕೆ ಲಗಾಮೆಲ್ಲಿ? ಒಮ್ಮೆ ಬೀದಿಗೆಲ್ಲ ಕೇಳುವಂತೆ ಏರುತ್ತಿತ್ತು, ಒಮ್ಮೆ ಗಂಟಲಲ್ಲೇ ಉಡುಗುತ್ತಿತ್ತು. ಮನೆಗೆ ಯಾರಾದರೂ ಬಂದರೆ ಅಮ್ಮ ಮೊದಲು ಅವಳತ್ತ ತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದಳು.

ಗಿರಣಿಯಲ್ಲಿ ಮಾತ್ರ ಅವಳು ಎಲ್ಲರಂತೆ. ಅಲ್ಲಿ ಎಲ್ಲರೂ ಅರಚುವವರೇ! ಮೆಕ್ಯಾನಿಕ್ ಅಂತೂ ಚೆನ್ನಾಗಿ ಓಡುತ್ತಿದ್ದ ಅವಳ ಮಗ್ಗಕ್ಕೂ ದಿನಾ ಎಣ್ಣೆ ಬಿಡಲು ಬರುತ್ತಿದ್ದ.

ಒಂದು ಮಧ್ಯಾಹ್ನ ಅವಳು ಅದೇ ಗಿರಣಿಯಲ್ಲಿ ನೇಯುತ್ತಿದ್ದ ತನ್ನ ಚಿಕ್ಕಮ್ಮನ ಮಗ್ಗದ ಪಕ್ಕ, ಬಟ್ಟೆಯ ಸುರುಳಿಗಳ ಮೇಲೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದಳು. ಕರೆಂಟು ಹೋಗಿ ನಲವತ್ತು ಮಗ್ಗಗಳೂ ಒಟ್ಟಿಗೆ ನಿಂತವು. ಕರೆಂಟು ಹೋಗಿ ನಲವತ್ತು ಮಗ್ಗಗಳೂ ಒಟ್ಟಿಗೆ ನಿಂತವು.

“ಚಿಕ್ಕಮ್ಮಾ, ಆ ಮೆಕ್ಯಾನಿಕ್ ಅಂದ್ರೆ ನಂಗೆ ಪ್ರಾಣ! ಯಾರಿಗೂ ಹೇಳ್ಬೇಡ!”

ಚಿಕ್ಕಮ್ಮ ಅವಳ ಬಾಯಿ ಮುಚ್ಚುವಷ್ಟರಲ್ಲಿ ಶೆಡ್ಡಿಗೆಲ್ಲ ಸುದ್ದಿ ಮುಟ್ಟಿತ್ತು. ಎದುರಿನವರೆಲ್ಲ ಬಾಯಿ ತೆರೆದು ನಗುತ್ತಿದ್ದರು. ಅವರ ನಡುವೆ ಮೆಕ್ಯಾನಿಕ್... ಮುಖ ಗಂಟಿಕ್ಕಿ, ಅವಳತ್ತ ಅಂಗೈ ಚಾಚಿ ಕೆಳಗೆ ಒತ್ತಿದ. ಸುಮ್ಮನಿರಿ!

‘ಅಯ್ಯೋ, ಇವರಿಗೂ ನನ್ನಿಂದ ನಾಚಿಕೆಯಾಯಿತೇ?’ ಅವಳು ಎದ್ದು ಓಡಿದಳು.

ಹದಿಮೂರು ದಿನ ಬಾಯಿ ಬಿಡಲಿಲ್ಲ. ಅಮ್ಮ ಅತ್ತರೂ ಬಿಡಲಿಲ್ಲ. ಇನ್ನು ಮೇಲೆ ಚೀಟಿಯಲ್ಲೇ ಬರೆದು ಬದುಕುತ್ತೇನೆ ಎಂದು ನಿಶ್ಚಯಿಸಿ, ಹದಿನಾಲ್ಕನೆಯ ದಿನ ಕೆಲಸ ಬಿಡುವ ಪತ್ರ ಹಿಡಿದು ಆಫೀಸಿಗೆ ಬಂದಳು. ಬಾಗಿಲಲ್ಲಿ ಅವನೇ!

“ಮನೆಗೆ ಮೂರು ಸಲ ಬಂದೆ. ನೀವು ಮುಖ ತೋರಿಸಲಿಲ್ಲ.”

ಅವಳು ಪತ್ರ ಚಾಚಿದಳು. ಅವನು ಅದನ್ನು ಓದಿ, ಅವಳಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

“ಅವತ್ತು ಕೈ ತೋರಿಸಿದ್ದು ನಿಮಗಲ್ಲ. ನಿಮ್ಮ ಬೆನ್ನ ಹಿಂದೆ ನಿಂತು ನಗ್ತಿದ್ದೋರಿಗೆ. ಅವರು ನಿಮಗೆ ಕಾಣಲಿಲ್ಲ.”

ಹದಿಮೂರು ದಿನ... ಒಂದು ಅಂಗೈಗಾಗಿ! ನಿಜವಾ ಎಂದು ಕೇಳಲು ಅವಳು ಬಾಯಿ ತೆರೆದಳು. ದನಿ ಏರೀತೆಂದು ಹೆದರಿ ಮುಚ್ಚಿದಳು. ಒಳಗೆ ಗುಮಾಸ್ತರೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು.

ಅವನು ಸುತ್ತ ನೋಡಿದ. ಉಸಿರು ಎಳೆದುಕೊಂಡ. ಅವನ ಕತ್ತಿನ ನರ ಉಬ್ಬಿದ್ದು ಅವಳಿಗೆ ಕಂಡಿತು.

“ನಂಗೂ ನೀವಂದ್ರೆ ಪ್ರಾಣ!”

ಗುಮಾಸ್ತರ ತಲೆಗಳೆಲ್ಲ ಒಮ್ಮೆಲೇ ಎದ್ದವು. ಒಬ್ಬರ ಕೈಯಿಂದ ಲೋಟ ಜಾರಿತು.

“ಯಾಕ್ರೀ... ಹಾಗೆ ಕಿರುಚ್ತೀರಿ?” ಹದಿಮೂರು ದಿನದ ಮೇಲೆ ಹೊರಟ ಮಾತು. ಕಣ್ಣು ತುಂಬಿತ್ತು.

“ನೀವೊಬ್ರೇ ಯಾಕೆ ನಗೆಪಾಟಲಾಗ್ಬೇಕು?”

ಅವಳು ಗಂಟಲ ಮೇಲೆ ಕೈಯಿಟ್ಟುಕೊಂಡಳು. “ಈಗ ನನ್ನ ದನಿ... ಜೋರಾಯ್ತಾ?”

“ಹೂಂ. ಸ್ವಲ್ಪ ಜೋರೇ,” ಎಂದು ಅವನು ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ. “ಇನ್ನೂ ಮಾತಾಡಿ.”