ಎಲ್ಲಾ ಮೇಣದ ಮಹಿಮೆ

“ಮುಟ್ಟಬೇಡ! ಮುಟ್ಟಬೇಡ ಅಂದೆ! ಕೈಯಲ್ಲಿ ಬೆಣ್ಣೆ ಇದೆ!”

ಅಪ್ಪನ ಕೂಗಿಗೆ ಹ್ಯಾಟಿ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಕೈಯಲ್ಲಿ ಬೆಣ್ಣೆ ಇದ್ದದ್ದೇನೋ ನಿಜ. ತಿಂಡಿಗೆ ಪ್ಯಾನ್‌ಕೇಕ್ ತಿಂದವಳು ಹಾಗೇ ಓಡಿ ಬಂದಿದ್ದಳು. ಆದರೆ ಅವಳು ಮುಟ್ಟಲು ಹೋದದ್ದು ಅವಳದೇ ಸ್ಕೀಗಳನ್ನು.

ಆ ಎರಡು ಉದ್ದನೆಯ ಸ್ಕೀಗಳು ಮೇಜಿನ ಮೇಲೆ ಅಂಗಾತ ಮಲಗಿದ್ದವು. ಹಿಮದ ಮೇಲೆ ಜೋರಾಗಿ ಜಾರಲಿ ಎಂದು ಅಪ್ಪ ಅವುಗಳ ಅಡಿಗೆ ಪುಟ್ಟ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮೇಣ ಹಚ್ಚುತ್ತಿದ್ದ. ಮನೆಯಲ್ಲಿ ತನ್ನ ಒಂದು ಶರ್ಟಿಗೂ ಇಸ್ತ್ರಿ ಹಾಕದ ಅಪ್ಪ, ಇಲ್ಲಿ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಇಸ್ತ್ರಿ ಹಾಕುತ್ತಿದ್ದ.

ಹ್ಯಾಟಿಯ ಅಪ್ಪ ಡಾಕ್ಟರ್ ಕ್ರೌಲಿ ವಾರವೆಲ್ಲ ಬಾಸ್ಟನ್ ಹತ್ತಿರ ಜನರ ಹಲ್ಲು ಉಜ್ಜುತ್ತಾನೆ. ಶನಿವಾರ, ಭಾನುವಾರ ವರ್ಮಾಂಟಿನ ಬಗ್‌ಬೀ ಬೆಟ್ಟಕ್ಕೆ ಬಂದು ಮಗಳ ಸ್ಕೀ ಉಜ್ಜುತ್ತಾನೆ. ಅವನು ಇಷ್ಟು ಗಂಭೀರವಾಗಿರುವುದನ್ನು ಹಲ್ಲಿನ ರೋಗಿಗಳು ಎಂದೂ ನೋಡಿಲ್ಲ.

ಬಗ್‌ಬೀ ಬೆಟ್ಟದ ಮಕ್ಕಳ ರೇಸ್ ಕ್ಲಬ್ಬಿನಲ್ಲಿ ಎಲ್ಲ ಅಪ್ಪಂದಿರ ಕತೆಯೂ ಇದೇ. ಅವರಿಗೆಂದೇ ನೆಲಮಾಳಿಗೆಯಲ್ಲಿ ಒಂದು ಮೇಣದ ಕೋಣೆ ಇದೆ. ಪರೀಕ್ಷೆಯಲ್ಲಿ ಪಕ್ಕದವನು ಕಾಪಿ ಹೊಡೆಯದಂತೆ ಮೊಣಕೈ ಅಡ್ಡ ಇಡುತ್ತೀರಲ್ಲ, ಹಾಗೆ ಒಬ್ಬೊಬ್ಬ ಅಪ್ಪನೂ ತನ್ನ ಮೇಣಕ್ಕೆ ಮೊಣಕೈ ಅಡ್ಡ ಇಟ್ಟು ನಿಂತಿರುತ್ತಾನೆ. ಮಿಸ್ಟರ್ ಪೆಟಿಂಗಿಲ್ ಅವರ ಮೇಣದ ಪೆಟ್ಟಿಗೆಗಂತೂ ಬೀಗವಿದೆ. ಅವರ ಮನೆಗೆ ಇದೆಯೋ ಇಲ್ಲವೋ ಗೊತ್ತಿಲ್ಲ.

“ಹೊರಗೆ ಚಳಿ ಎಷ್ಟಿದೆ ಕ್ರೌಲಿ?” ಮಿಸ್ಟರ್ ಪೆಟಿಂಗಿಲ್ ಸುಮ್ಮನೆ ಕೇಳಿದ ಹಾಗೆ ಕೇಳಿದರು. ಚಳಿ ನೋಡಿಯೇ ಮೇಣ ಆರಿಸುವುದು.

“ನಾನು ನೋಡೇ ಇಲ್ಲ,” ಎಂದ ಅಪ್ಪ. ಬೆಳಗ್ಗೆಯಿಂದ ಮೂರು ಸಲ ಹಿಮದೊಳಗೆ ಥರ್ಮಾಮೀಟರ್ ಚುಚ್ಚಿ, ಹಿಮಕ್ಕೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿ ಬಂದಿದ್ದ.

ಮಕ್ಕಳು? ಅವರು ಹೊರಗೆ ಹಿಮದಲ್ಲಿ ಬಿದ್ದು ಹೊರಳಾಡುತ್ತಿದ್ದರು. ಮೇಣದ ಕೋಣೆಯಲ್ಲಿ ಅವರಿಗೇನೂ ಕೆಲಸವಿರಲಿಲ್ಲ.

ಹ್ಯಾಟಿಗೆ ಹತ್ತು ವರ್ಷ. ಈ ಚಳಿಗಾಲದಲ್ಲಿ ಅವಳು ಎಲ್ಲ ರೇಸುಗಳಲ್ಲೂ ಹಿಂದೆಯೇ ಉಳಿದಿದ್ದಳು. ಪ್ರತಿ ಸಲವೂ ಅಪ್ಪ ಅವಳ ಬೆನ್ನು ತಟ್ಟಿ, “ನಿನ್ನ ತಪ್ಪಲ್ಲ ಮರಿ, ಮೇಣ ಸರಿಹೋಗಲಿಲ್ಲ,” ಎನ್ನುತ್ತಿದ್ದ. ಒಂದು ಸಲ ಮೇಣ ಗಟ್ಟಿ, ಇನ್ನೊಂದು ಸಲ ಮೆತ್ತಗೆ, ಮತ್ತೊಂದು ಸಲ ಮೇಣ ಸರಿ, ಹಿಮವೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವವಳು ಸುಮ್ಮನಿದ್ದಳು. ನೆಲ ಡೊಂಕು ಎನ್ನುತ್ತಿದ್ದವನು ಅವಳ ಅಪ್ಪ.

ಮೊದಮೊದಲು ಹ್ಯಾಟಿಗೆ ಅದು ಹಿತವಾಗಿಯೇ ಇತ್ತು. ಬೈಗುಳ ತಪ್ಪಿತಲ್ಲ! ಈಚೆಗೆ ಮಾತ್ರ ಒಂದು ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ನಿಧಾನ ಯಾರು? ನಾನೋ, ಮೇಣವೋ?

ಇವತ್ತು ಕೊನೆಯ ರೇಸ್. ಎರಡು ಸಲ ಇಳಿಯಬೇಕು. ಎರಡೂ ಸಲದ ಸಮಯ ಕೂಡಿಸಿ, ಮೊದಲ ಹತ್ತು ಹುಡುಗಿಯರನ್ನು ರಾಜ್ಯಮಟ್ಟದ ರೇಸಿಗೆ ಕಳಿಸುತ್ತಾರೆ. ಹ್ಯಾಟಿಗೆ ಹೋಗಲೇಬೇಕು ಎಂಬ ಆಸೆ. ಅದಕ್ಕಿಂತ ಹೆಚ್ಚಾಗಿ, ತನ್ನ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

*

ಬೆಟ್ಟದ ತುದಿಯಲ್ಲಿ ಗಾಳಿ ಕಿವಿ ಕಚ್ಚುತ್ತಿತ್ತು. ಅಪ್ಪ ರೇಸ್ ಸ್ಕೀಗಳನ್ನು ಚೀಲದಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದ. ಹ್ಯಾಟಿಯ ಹತ್ತಿರ ಎರಡು ಜೊತೆ ಸ್ಕೀ ಇವೆ. ಒಂದು ಪ್ರಾಕ್ಟೀಸಿಗೆ, ಒಂದು ರೇಸಿಗೆ. ಎರಡೂ ಒಂದೇ ಬಣ್ಣ, ಒಂದೇ ಉದ್ದ. ರೇಸ್ ಸ್ಕೀಗಳ ಹಿಮ್ಮಡಿಯ ಹತ್ತಿರ ಅಪ್ಪ ಒಂದು ಚಿಕ್ಕ ಕೆಂಪು ಟೇಪ್ ಅಂಟಿಸಿದ್ದ.

“ಕೆಂಪು ಟೇಪ್ ಇರೋದು, ನೆನಪಿರಲಿ,” ಎಂದು ಅಪ್ಪ ಅವುಗಳನ್ನು, ಹ್ಯಾಟಿ ಆಗಲೇ ಬಿಚ್ಚಿಟ್ಟಿದ್ದ ಪ್ರಾಕ್ಟೀಸ್ ಸ್ಕೀಗಳ ಪಕ್ಕದಲ್ಲೇ, ಬೇಲಿಗೆ ಒರಗಿಸಿದ. “ನಿನ್ನ ಹೆಸರು ಕೂಗೋವರೆಗೂ ಹಾಕ್ಕೋಬೇಡ. ಹಾಕ್ಕೊಂಡು ನಿಂತ್ರೆ ಮೇಣ ಸವೆಯುತ್ತೆ.”

“ಸುಮ್ನೆ ನಿಂತ್ರೆ ಹೇಗಪ್ಪಾ ಸವೆಯುತ್ತೆ?”

“ಸವೆಯುತ್ತೆ ಅಂದ್ರೆ ಸವೆಯುತ್ತೆ!”

ಅಪ್ಪ ಕೆಳಗಿಳಿದು ಹೋದ. ಪೆಟಿಂಗಿಲ್ ಅವರ ಮಗಳು ಸ್ಲೋನ್ ಪಕ್ಕದಲ್ಲೇ ನಿಂತಿದ್ದಳು. ಕ್ಲಬ್ಬಿನಲ್ಲಿ ಅವಳೇ ಎಲ್ಲರಿಗಿಂತ ಫಾಸ್ಟ್. ನಾಲಿಗೆ ಇನ್ನೂ ಫಾಸ್ಟ್.

“ಏನೇ ಹ್ಯಾಟಿ, ಇವತ್ತು ಯಾವ ಮೇಣ? ಆಮೆ ಮಾರ್ಕಾ?”

“ಅಲ್ಲ, ನಿಮ್ಮಪ್ಪನ ಪೆಟ್ಟಿಗೆಯಿಂದ ಕದ್ದಿದ್ದು.”

ತನ್ನ ಸರದಿ ಬಂದಾಗ ಸ್ಲೋನ್ ನಗು ತಡೆದುಕೊಂಡು ಇಳಿದು ಹೋದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು.

“ಹ್ಯಾಟಿ! ನಿಂದೇ ಈಗ! ಜಾಕೆಟ್ ಬಿಚ್ಚು!” ಕೋಚ್ ಟ್ರೂಡಿ ಕೂಗಿದರು.

ಜಾಕೆಟ್ಟಿನ ಜಿಪ್ ಸಿಕ್ಕಿಹಾಕಿಕೊಂಡಿತು. ಹ್ಯಾಟಿ ಎಳೆದಳು, ಕೋಚ್ ಎಳೆದರು, ಕೊನೆಗೆ ಅಂಗಿ ಕಳಚಿದ ಹಾಗೆ ಅದನ್ನು ತಲೆಯ ಮೇಲಿಂದ ಕಳಚಿದ್ದಾಯಿತು. “ಬೇಗ, ಬೇಗ!” ಹ್ಯಾಟಿ ಬೇಲಿಗೆ ಒರಗಿದ್ದ ಸ್ಕೀ ಎಳೆದುಕೊಂಡು, ಬೂಟು ತುರುಕಿ, ಟಕ್ ಟಕ್ ಎನಿಸಿ, ಹೊರಡುವ ಜಾಗದಲ್ಲಿ ನಿಂತಳು.

ಆಮೇಲೆ ಹಿಮ್ಮಡಿಯ ಕಡೆ ನೋಡಿದಳು. ಕೆಂಪು ಟೇಪ್ ಇರಲಿಲ್ಲ.

ಅದು ಪ್ರಾಕ್ಟೀಸ್ ಸ್ಕೀ. ಅದಕ್ಕೆ ಮೇಣ ಹಚ್ಚಿ ಯಾವ ಕಾಲವಾಗಿತ್ತೋ! ಹ್ಯಾಟಿ ಬಾಯಿ ತೆರೆಯುವಷ್ಟರಲ್ಲಿ, “ರೆಡಿ... ಗೋ!” ಎಂದಾಯಿತು.

ಮುಗೀತು ಕತೆ, ಎಂದುಕೊಂಡಳು ಹ್ಯಾಟಿ. ಇನ್ನು ಗೆಲ್ಲುವ ಮಾತಿಲ್ಲ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಹೇಗಾದರೂ ಇಳಿದುಬಿಡೋಣ.

ಹಿಮದಲ್ಲಿ ನೆಟ್ಟ ಕೆಂಪು, ನೀಲಿ ಕಂಬಗಳೇ ಗೇಟುಗಳು. ಅವುಗಳನ್ನು ಬಳಸಿ ಇಳಿಯಬೇಕು. ಮಧ್ಯದಲ್ಲಿ ಒಂದು ಕಡಿದಾದ ಜಾಗವಿದೆ. ಮಕ್ಕಳು ಅದನ್ನು ‘ಗೋಡೆ’ ಎನ್ನುತ್ತಾರೆ. ಪ್ರತಿ ಸಲ ಗೋಡೆಯ ನೆತ್ತಿಗೆ ಬಂದಾಗ ಹ್ಯಾಟಿ ತನಗೇ ತಿಳಿಯದ ಹಾಗೆ ಸ್ಕೀ ಅಡ್ಡ ತಿರುಗಿಸಿ ಬ್ರೇಕ್ ಹಾಕಿಬಿಡುತ್ತಿದ್ದಳು. ಇವತ್ತು ಸೋತಾಗಿದೆ ಎಂಬ ಧೈರ್ಯವೋ ಏನೋ, ಹಾಕಲಿಲ್ಲ. ಬಗ್ಗಿದಳು, ಮುಂದಿನ ಕಂಬ ನೋಡಿದಳು, ಧುಮುಕಿದಳು. ಗಾಳಿ ಕೂಗಿತು. ಕಂಬಗಳು ಪಟಪಟನೆ ಮೊಣಕಾಲಿಗೆ ಬಡಿದು ಬಾಗಿದವು. ಅಷ್ಟರಲ್ಲಿ ಕೆಳಗೆ ಬಂದಿದ್ದಳು.

ಬೋರ್ಡಿನ ಮೇಲೆ ಅವಳ ಹೆಸರಿನ ಮುಂದೆ ಆರು ಎಂದು ಬಂತು. ಆರನೇ ಸ್ಥಾನ!

ಹ್ಯಾಟಿ ಎರಡು ಸಲ ನೋಡಿದಳು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

“ನೋಡಿದ್ರಾ? ನೋಡಿದ್ರಾ?” ಅಪ್ಪ ಕುಣಿಯುತ್ತಾ ಬಂದ. “ಮೇಣ! ಎಲ್ಲಾ ಮೇಣದ ಮಹಿಮೆ!”

*

ಸಕ್ಕರೆ ಕಂಡ ಇರುವೆಗಳ ಹಾಗೆ ಅಪ್ಪಂದಿರು ಮುತ್ತಿಕೊಂಡರು. ಡಾಕ್ಟರ್ ಕ್ರೌಲಿ ಮಗಳ ಕಾಲಿನಿಂದ ಸ್ಕೀ ಬಿಚ್ಚಿ, ತಲೆಕೆಳಗು ಮಾಡಿ ಎತ್ತಿ ಹಿಡಿದ.

“ಸವರಿ ನೋಡಿ. ಗ್ಲೌಸ್ ತೆಗೆದು ಸವರಿ.”

ಅಪ್ಪಂದಿರು ಒಬ್ಬೊಬ್ಬರಾಗಿ ಗ್ಲೌಸ್ ತೆಗೆದು, ಕಣ್ಣು ಮುಚ್ಚಿ, ತಿಂಗಳಿಂದ ಮೇಣ ಕಾಣದ ಸ್ಕೀಯನ್ನು ಸವರಿದರು.

“ಆಹಾ, ರೇಷ್ಮೆ!” ಎಂದರು ಒಬ್ಬರು.

“ರೇಷ್ಮೆ ಅಲ್ಲ ರೀ, ಗಾಜು!” ಎಂದರು ಇನ್ನೊಬ್ಬರು.

ಮಿಸ್ಟರ್ ಪೆಟಿಂಗಿಲ್ ಅವರ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಉದ್ದನೆಯ ಗೀರು ಇತ್ತು. ಹೋದ ತಿಂಗಳು ಕಾರು ನಿಲ್ಲಿಸುವ ಜಾಗದ ಹತ್ತಿರ ಹ್ಯಾಟಿ ಒಂದು ಕಲ್ಲಿನ ಮೇಲೆ ಜಾರಿಸಿದ್ದಳು. ಅವತ್ತು ಅಪ್ಪನ ಕೈಯಲ್ಲಿ ಬೇಕಾದಷ್ಟು ಬೈಸಿಕೊಂಡಿದ್ದಳು ಕೂಡ.

“ಇದೇನು ಕ್ರೌಲಿ, ಬೇಕೂಂತ ಹಾಕಿಸಿದ್ದಾ? ಹೊಸ ಡಿಸೈನಾ?”

ಅಪ್ಪ ಗೀರು ನೋಡಿದ. ಸ್ಕೀ ತಿರುಗಿಸಿ ಹಿಮ್ಮಡಿಯ ಕಡೆ ನೋಡಿದ. ಆಮೇಲೆ ಸ್ಕೀಯನ್ನು ಕಂಕುಳಿಗೆ ಸೇರಿಸಿಕೊಂಡು, “ಅದೆಲ್ಲ ಹೇಳೋಕಾಗಲ್ಲ. ಗುಟ್ಟು,” ಎಂದ.

ಅಪ್ಪಂದಿರು ಅರ್ಥವಾದವರ ಹಾಗೆ ತಲೆದೂಗಿದರು. ಒಬ್ಬರಂತೂ ತಮ್ಮ ಮಗಳ ಸ್ಕೀಗೂ ಅಂಥದೊಂದು ಗೀರು ಹಾಕಿಸಲು ಅಂಗಡಿಗೆ ಫೋನ್ ಮಾಡುತ್ತಾ ನಡೆದರು.

ಹ್ಯಾಟಿ ಬಿಸಿ ಚಾಕೊಲೇಟ್ ಹಿಡಿದು ಒಂದು ಪಕ್ಕದಲ್ಲಿ ನಿಂತಿದ್ದಳು. ಅವಳ ಬೆನ್ನು ಯಾರೂ ಸವರಲಿಲ್ಲ. ಸ್ಲೋನ್ ಮಾತ್ರ ಬಂದಳು.

“ಆರನೇದು ಬಂದಿದ್ದು ನೀನಲ್ಲ ಬಿಡೇ, ನಿನ್ನ ಸ್ಕೀ. ನೀನು ಸುಮ್ನೆ ಅದರ ಮೇಲೆ ನಿಂತಿದ್ದೆ ಅಷ್ಟೆ. ನಮ್ಮಪ್ಪನೇ ಹೇಳಿದ್ರು.”

ಹ್ಯಾಟಿಗೆ ಉರಿದುಹೋಯಿತು. ಅದು ಪ್ರಾಕ್ಟೀಸ್ ಸ್ಕೀ ಕಣೇ, ಎನ್ನುವ ಮಾತು ತುಟಿಯವರೆಗೂ ಬಂತು. ಅಷ್ಟರಲ್ಲಿ ಅಪ್ಪನ ಕಡೆ ನೋಡಿದಳು. ಅಷ್ಟೂ ಜನರ ನಡುವೆ ಅಪ್ಪ ಎದೆಯುಬ್ಬಿಸಿ ನಿಂತಿದ್ದ. ಈಗ ಹೇಳಿದರೆ ಎಲ್ಲರ ಮುಂದೆ ಅಪ್ಪನ ಮರ್ಯಾದೆ ಹೋಗುತ್ತದೆ. ಹ್ಯಾಟಿ ಚಾಕೊಲೇಟಿನ ಜೊತೆ ಮಾತನ್ನೂ ನುಂಗಿದಳು. ನಾಲಿಗೆ ಸುಟ್ಟಿತು.

ಎರಡನೇ ಸಲ ಇಳಿಯುವ ಮುಂಚೆ ಅಪ್ಪ ತಾನೇ ನಿಂತು ರೇಸ್ ಸ್ಕೀ ಹಾಕಿಸಿದ. ಅವಳ ಮುಖ ನೋಡಲಿಲ್ಲ. “ಕೆಂಪು ಟೇಪಿಂದು,” ಎಂದಷ್ಟೇ ಹೇಳಿದ.

ಈ ಸಲ ಸ್ಕೀ ಸರಿಯಾಗಿತ್ತು, ಮೇಣ ಹೊಚ್ಚಹೊಸದು. ಹ್ಯಾಟಿಯ ತಲೆಯಲ್ಲಿ ಮಾತ್ರ ಸಂತೆ ನೆರೆದಿತ್ತು. ಹಳೇ ಸ್ಕೀಯಲ್ಲೇ ಆರನೇದು ಬಂದೆ, ಇದರಲ್ಲಿ ಇನ್ನೂ ಮುಂದೆ ಬರಬೇಕು. ಬರದಿದ್ದರೆ? ಬಂದರೂ ಮೇಣವೇ ತಾನೇ? ಹೀಗೆ ಯೋಚಿಸುತ್ತಲೇ ಗೋಡೆಯ ನೆತ್ತಿಗೆ ಬಂದಳು. ಬ್ರೇಕ್ ಹಾಕಿದಳು. ಒಂದಲ್ಲ, ಮೂರು ಸಲ.

ಎರಡೂ ಸಲದ್ದು ಕೂಡಿಸಿದರೆ ಅವಳು ಹದಿಮೂರನೆಯವಳು. ರಾಜ್ಯಮಟ್ಟದ ರೇಸ್ ಕೈತಪ್ಪಿತು.

ಇರುವೆಗಳು ಈಗ ಮಿಸ್ಟರ್ ಪೆಟಿಂಗಿಲ್ ಅವರ ಸುತ್ತ ಮುತ್ತಿದ್ದವು. ಗೀರಿನ ಮಾತು ಯಾರೂ ಎತ್ತಲಿಲ್ಲ.

*

ಅಪ್ಪ ಕಾರಿನ ಹಿಂಬಾಗಿಲು ತೆರೆದು, ಅದರ ಅಂಚಿನಲ್ಲಿ ಕುಳಿತು, ರೇಸ್ ಸ್ಕೀಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹ್ಯಾಟಿ ಪಕ್ಕದಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದಳು.

“ಬಿಸಿಲು ಬಂತು ನೋಡು. ಹಿಮ ಮೆತ್ತಗಾಯ್ತು,” ಎಂದ ಅಪ್ಪ. “ನಾನು ಗಟ್ಟಿ ಮೇಣ ಹಚ್ಚಿಬಿಟ್ಟಿದ್ದೆ. ನಿನ್ನ ತಪ್ಪೇನೂ ಇಲ್ಲ ಮರಿ.”

“ಇದೆ.”

“ಏನಿದೆ?”

“ನನ್ನ ತಪ್ಪೇ. ಗೋಡೆ ಹತ್ರ ಬ್ರೇಕ್ ಹಾಕಿದೆ. ಮೇಣಕ್ಕೆ ಹೆದರಿಕೆ ಆಗ್ಲಿಲ್ಲಪ್ಪಾ, ನಂಗಾಯ್ತು.”

“ಛೆ, ಹಾಗೆಲ್ಲ ಅನ್ಕೋಬಾರ್ದು...”

“ಮೊದಲನೇ ಸಲ ಬ್ರೇಕ್ ಹಾಕ್ಲಿಲ್ಲ. ಅದೂ ನಾನೇ.” ಹ್ಯಾಟಿ ಬೂಟು ಕೆಳಗಿಟ್ಟಳು. “ಆಗ ನಾನು ಹಾಕ್ಕೊಂಡಿದ್ದು ಪ್ರಾಕ್ಟೀಸ್ ಸ್ಕೀ.”

ಅಪ್ಪ ಹೆಬ್ಬೆರಳಿನಿಂದ ಸ್ಕೀಯ ಅಡಿಯನ್ನು ಸವರಿದ.

“ಗೊತ್ತು,” ಎಂದ.

“ಗೊತ್ತಾ?”

“ಪೆಟಿಂಗಿಲ್ ಗೀರು ತೋರಿಸಿದ್ರಲ್ಲ, ಆಗ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಎಲ್ಲಾ ಸುತ್ತ ನಿಂತಿದ್ರಲ್ಲ ಮರಿ... ಈ ವರ್ಷ ಒಂದ್ಸಲನಾದ್ರೂ ಯಾರಾದ್ರೂ ಬಂದು ನನ್ನ ಮೇಣ ಯಾವುದು ಅಂತ ಕೇಳಿದ್ರಾ, ಹೇಳು?”

ಹ್ಯಾಟಿಗೆ ಸಿಟ್ಟು ಉಕ್ಕಿತು. “ನಾನೇ ಇಳಿದಿದ್ದು ಅಂತ ಗೊತ್ತಾದ್ಮೇಲೂ ‘ಗುಟ್ಟು’ ಅಂದೆ! ಸ್ಲೋನ್ ಏನಂದ್ಲು ಗೊತ್ತಾ ನಿಂಗೆ? ನಾನು ಸುಮ್ನೆ ಮೇಲೆ ನಿಂತಿದ್ದೆನಂತೆ!”

ಯಾವ ಚಳಿಗೆ ಯಾವ ಮೇಣ ಎಂದು ಕೇಳಿದರೆ ಥಟ್ಟನೆ ಹೇಳುವ ಅಪ್ಪ ಕೆಂಪು ಟೇಪಿನ ಅಂಚನ್ನು ಉಗುರಿನಿಂದ ಕೆರೆದ. ಅವನ ಕಿವಿ ಕೆಂಪಾಗಿತ್ತು. ಕಣ್ಣು ಎಲ್ಲೆಲ್ಲೋ ನೋಡುತ್ತಿತ್ತು. ಹ್ಯಾಟಿ ಆ ಮುಖವನ್ನೇ ನೋಡಿದಳು. ಗೋಡೆಯ ನೆತ್ತಿಯಲ್ಲಿ ನಿಂತಾಗ ತನ್ನ ಮುಖವೂ ಹೀಗೇ ಇರಬೇಕು ಎಂದು ಅವಳಿಗೆ ಅನಿಸಿತು. ಸಿಟ್ಟು ಪೂರ್ತಿ ಹೋಗಲಿಲ್ಲ. ಅರ್ಧ ಇಳಿಯಿತು.

“ಮೊದಲನೇ ಸಲ...” ಅಪ್ಪ ಅವಳ ಕಡೆ ತಿರುಗಿದ. “ಮೊದಲನೇ ಸಲ ಗೋಡೆ ಹೇಗೆ ಇಳಿದೆ?”

ಈ ಚಳಿಗಾಲವೆಲ್ಲ ಅಪ್ಪ ಕೇಳಿದ್ದು, ಹಿಮ ಹೇಗಿತ್ತು, ಸ್ಕೀ ಜಾರಿತಾ, ಅಂಟಿತಾ ಎಂದು. ಈ ಪ್ರಶ್ನೆ ಹೊಸದು. ಅವನ ಹೆಬ್ಬೆರಳು ಈಗಲೂ ಸ್ಕೀಯ ಅಡಿಯನ್ನು ಸವರುತ್ತಲೇ ಇತ್ತು. ಆದರೆ ಅವನು ನೋಡುತ್ತಿದ್ದದ್ದು ಹ್ಯಾಟಿಯನ್ನು.

ಹ್ಯಾಟಿ ಅವನ ತೊಡೆಯ ಮೇಲಿಂದ ಸ್ಕೀಯನ್ನು ಎತ್ತಿ ಹಿಮಕ್ಕೆ ಚುಚ್ಚಿ ನಿಲ್ಲಿಸಿದಳು. ಅಪ್ಪನ ಕೈ ಅದರ ಕಡೆ ಹೋಯಿತು, ವಾಪಸು ಬಂತು.

“ಮೊದಲನೇ ಗೇಟಿಂದ ಹೇಳ್ತೀನಿ,” ಎಂದಳು. “ಮಧ್ಯೆ ಮೇಣ ತರಬೇಡ.”